ಹಿಮ ನಮ್ಮದು, ಔತಣ ನಿಮ್ಮದು

ಮನುಷ್ಯನಾದವನಿಗೆ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇರಲೇಬೇಕು. ಹಮದಾನ್ ಊರಿನ ಅಕ್ರೋಟು ಓಣಿಯ ಯದುಲ್ಲಾಖಾನರಿಗೆ ಹಣದ ಜಂಬವಿರಲಿಲ್ಲ, ಏಕೆಂದರೆ ಹಣವಿರಲಿಲ್ಲ. ರೂಪದ ಜಂಬವಿರಲಿಲ್ಲ, ಏಕೆಂದರೆ ಮನೆಯಲ್ಲಿ ಕನ್ನಡಿಯಿತ್ತು. ನೀರಿನ ಕಚೇರಿಯ ಗುಮಾಸ್ತರು ತಾವು ಎಂದು ಬೇಸಿಗೆಯಲ್ಲಿ ಹೇಳಿಕೊಳ್ಳಬಹುದಿತ್ತೇ ಹೊರತು, ಊರಿನ ನಲ್ಲಿಗಳೆಲ್ಲ ಹೆಪ್ಪುಗಟ್ಟಿ ಕೂರುವ ಚಳಿಗಾಲದಲ್ಲಿ ಅದನ್ನು ಮರೆಸುವುದೇ ಕ್ಷೇಮವಾಗಿತ್ತು. ಅವರಿಗಿದ್ದ ಜಂಬ ಒಂದೇ. ಹುಟ್ಟಿದಾಗಿನಿಂದ ಅವರ ಕೈಗೆ ಯಾರೂ ಹಿಮ ದಾಟಿಸಿರಲಿಲ್ಲ.

ಇದೇನು ಮಹಾ ಎನ್ನುವವರು ಆ ಊರಿನ ಆಟ ಗೊತ್ತಿಲ್ಲದವರು. ವರ್ಷದ ಮೊದಲ ಹಿಮ ಬಿದ್ದಾಗ ಅದರಲ್ಲಿ ಒಂದು ಹಿಡಿಯನ್ನು ಡಬ್ಬಿಯಲ್ಲೋ ಗಂಟಿನಲ್ಲೋ ಬಚ್ಚಿಟ್ಟು ಪರಿಚಯದವರ ಕೈಗೆ ಕೊಡಬೇಕು. ಅವರು ತಿಳಿಯದೆ ತೆಗೆದುಕೊಂಡರೆ “ಹಿಮ ನಮ್ಮದು, ಔತಣ ನಿಮ್ಮದು” ಎನ್ನಬೇಕು. ಆಮೇಲೆ ತೆಗೆದುಕೊಂಡವನು ಮರುಮಾತಿಲ್ಲದೆ ಔತಣ ಹಾಕಿಸಬೇಕು. ಆದರೆ ಕೊಡುವ ಮೊದಲೇ ತಂದವನನ್ನು ಹಿಡಿದು ಮುಖಕ್ಕೆ ಮಸಿ ಬಳಿದುಬಿಟ್ಟರೆ ಔತಣ ತಂದವನ ತಲೆಗೆ. ಕಾನೂನು ಇಷ್ಟೇ. ದೇಶದ ಬೇರೆ ಕಾನೂನುಗಳನ್ನು ಮುರಿದವರು ಅಕ್ರೋಟು ಓಣಿಯಲ್ಲಿ ಬೇಕಾದಷ್ಟಿದ್ದರು, ಇದನ್ನು ಮುರಿದವರು ಮಾತ್ರ ಒಬ್ಬರೂ ಇರಲಿಲ್ಲ.

ಯದುಲ್ಲಾಖಾನರ ಉಪಾಯ ಸರಳವಾಗಿತ್ತು. ಮೊದಲ ಹಿಮ ಶುರುವಾದ ಗಳಿಗೆಯಿಂದ ನಿಲ್ಲುವ ತನಕ ಅವರು ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ವರ್ಷ ಹಲ್ಲಿನ ಡಾಕ್ಟರು ಹೊಸ ಹಲ್ಲಿನ ಸೆಟ್ಟು ಮುಂದೆ ಹಿಡಿದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮನೆಗೆ ಬಂದವರು, ಹಿಮ ನಿಲ್ಲುವವರೆಗೆ ಬರೀ ಗಂಜಿ ಕುಡಿದಿದ್ದರು. ಪಕ್ಕದ ಮನೆಯ ರೊಟ್ಟಿ ಭಟ್ಟಿಯ ಕರಾಮತ್ ಬಿಸಿ ರೊಟ್ಟಿಯೊಳಗೆ, ಟೋಪಿಯೊಳಗೆ, ಸತ್ತ ಕೋಳಿಯೊಳಗೆ ಹಿಮ ತುಂಬಿ ತಂದು ಸೋತಿದ್ದ.

ಆ ವರ್ಷದ ತೊಂದರೆ ಏನೆಂದರೆ, ಹಿಮ ನಿಲ್ಲಲೇ ಇಲ್ಲ. ಸುತ್ತಲೂ ಹೆಪ್ಪುಗಟ್ಟುವ ಮಂಜು ಬೇರೆ. ಆಲ್ವಂದ್ ಬೆಟ್ಟ ಇರಲಿ, ಎದುರುಮನೆಯ ಬಾಗಿಲೂ ಕಾಣಿಸುತ್ತಿರಲಿಲ್ಲ. ಮಹಡಿಯ ಮೇಲಿನ ಹಿಮವನ್ನು ಮರದ ಸಲಿಕೆಯಿಂದ ತಳ್ಳಿ ತಳ್ಳಿ ಓಣಿಯ ಎರಡೂ ಬದಿ ಆಳೆತ್ತರದ ಗೋಡೆ ಎದ್ದಿತ್ತು. ನಡುವಿನ ದಾರಿಯಲ್ಲಿ ಎದುರಿಗೆ ಬಂದವರು ಯಾರೆಂಬುದು ಡಿಕ್ಕಿ ಹೊಡೆದ ಮೇಲೆ ಬೈಗುಳದಿಂದ ಗೊತ್ತಾಗುತ್ತಿತ್ತು. ಇಷ್ಟು ದಿನ ಸುರಿದದ್ದು ಇನ್ನೂ ಮೊದಲ ಹಿಮವೇ ಎಂಬ ಪ್ರಶ್ನೆ ಕರಾಮತನ ಭಟ್ಟಿಯ ಮುಂದೆ ಎದ್ದು, ನ್ಯಾಯ ಓಣಿಯ ಹಿರಿಯರಾದ ನಿವೃತ್ತ ದಫೇದಾರ್ ಇಸ್ಫಂದಿಯಾರ್ ಅವರ ಬಳಿ ಹೋಯಿತು.

ದಫೇದಾರರು ಮೀಸೆಯ ಮೇಲಿನ ಹಿಮದ ಹರಳು ಕೆಡವುತ್ತ ತೀರ್ಪು ಕೊಟ್ಟರು. “ನಿಂತು ಮತ್ತೆ ಬಂದ್ರೆ ಅದು ಎರಡನೇದು. ಇದು ನಿಂತೇ ಇಲ್ಲವಲ್ಲ. ಬೀಳ್ತಿರೋವರೆಗೂ ಇದೇ ಮೊದಲನೇದು.”

ಈ ತೀರ್ಪಿನಿಂದ ಯದುಲ್ಲಾಖಾನರ ಬದುಕು ನರಕವಾಯಿತು. ಅಂಗಡಿಯವನು ಸಕ್ಕರೆ ಕೊಡಲು ಬಂದರೆ “ನೆಲದ ಮೇಲಿಡು” ಎನ್ನುತ್ತಿದ್ದರು. ಹೆಂಡತಿ ಇಸ್ಮತ್ ಊಟದ ಬಟ್ಟಲು ಕೊಟ್ಟರೆ ಅದಕ್ಕೆ ಬೆರಳದ್ದಿ ನೋಡುತ್ತಿದ್ದರು.

“ಏನ್ರೀ, ಗುರುವಾರ ಹಾಜಿ ಫತ್‌ಹುಲ್ಲಾ ಸಾಹೇಬ್ರು ಹೆಣ್ಣು ಕೇಳೋಕೆ ಬರ್ತಾರೆ,” ಎಂದಳು ಇಸ್ಮತ್. “ಆವತ್ತಾದ್ರೂ ಈ ಹುಚ್ಚಾಟ ಬಿಡಿ. ಹೋದ ಸಲ ಬಂದೋರಿಗೆ ನೀರಿನ ಪೈಪು ಯಾಕೆ ಒಡೆಯುತ್ತೆ ಅಂತ ಊಟದ ಹೊತ್ತೆಲ್ಲ ಹೇಳಿ ಓಡಿಸಿದ್ರಿ. ಅದರ ಹಿಂದಿನೋರ ಅಜ್ಜಿ ಮೇಲೆ ಕೂತ್ರಿ.”

“ಕತ್ತಲೆಯಿತ್ತು ಕಣೆ. ಹಾಸಿಗೆ ಸುರುಳಿ ಅಂದ್ಕೊಂಡೆ.”

ಮಗಳು ತೂರಾನ್ ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿ ಉಂಡೆ ಕಟ್ಟುತ್ತಿದ್ದಳು. ಆ ಚಳಿಯಲ್ಲಿ ಊರಿಗೆ ಊರೇ ಇದೇ ಕೆಲಸ ಮಾಡುತ್ತಿತ್ತು. ಉಂಡೆ ಇಲ್ಲದಿದ್ದರೆ ಅಗ್ಗಿಷ್ಟಿಕೆ ಇಲ್ಲ. ಅವಳು ತಲೆಯೆತ್ತದೆ ಹೇಳಿದಳು, “ಬಾಬಾ, ಆ ಎರಡು ಸಂಬಂಧ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಇದು ಹೋಗಬಾರ್ದು. ಹಾಜಿಯವರ ಮಗ ಬೆಹ್ರೂಜ್ ಮೇಷ್ಟ್ರು ನಂಗೆ ಒಪ್ಪಿಗೆ.”

ಯದುಲ್ಲಾಖಾನರಿಗೆ ಈ ಮಗಳೆಂದರೆ ಪ್ರಾಣ. ಗೋಡೆಯ ಗೂಡಿನಲ್ಲಿದ್ದ ಪವಿತ್ರ ಗ್ರಂಥದ ದಿಕ್ಕಿಗೆ ಕೈ ಮಾಡಿ, “ಗುರುವಾರ ನಾನು ಆಡಲ್ಲ. ಯಾರು ಏನು ಕೊಟ್ರೂ ತಗೋತೀನಿ. ಔತಣ ಬಿದ್ರೆ ಬೀಳ್ಲಿ,” ಎಂದು ಆಣೆ ಇಟ್ಟರು. ಆಣೆ ಇಡುವಾಗ ಅವರ ಮನಸ್ಸು ಶುದ್ಧವಾಗಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಗುರುವಾರ ಬೆಳಿಗ್ಗೆ ಅವರು ಕಿಟಕಿಯಲ್ಲಿ ನಿಂತಿದ್ದಾಗ ಕರಾಮತ್ ತನ್ನ ಕುರಿಚರ್ಮದ ದೊಡ್ಡ ಕೋಟು ಹಾಕಿಕೊಂಡು, ಕಂಕುಳಲ್ಲಿ ಏನನ್ನೋ ಮರೆಮಾಡಿಕೊಂಡು ಮಂಜಿನಲ್ಲಿ ಮಾಯವಾದದ್ದು ಕಂಡಿತು. ಯದುಲ್ಲಾಖಾನರ ಶುದ್ಧ ಮನಸ್ಸು ಅಲ್ಲಾಡಿತು. ಅತಿಥಿಗಳ ಎದುರಿಗೇ ಬಂದು ಕೊಡುತ್ತಾನೆ, ಬೇಡವೆನ್ನಲಾಗದ ಹೊತ್ತು ನೋಡಿದ್ದಾನೆ, ಕಳ್ಳ. ಆಣೆ ಇಟ್ಟದ್ದು ಆಡುವುದಿಲ್ಲ ಎಂದು. ಮನೆ ಕಾಯುವುದು ಆಟವಲ್ಲ. ಅವರು ಹಂಡೆಯ ತಳದ ಮಸಿಗೆ ಕುರಿಯ ಕೊಬ್ಬು ಕಲಸಿ ಬಲ ಅಂಗೈಗೆ ಮೆತ್ತಿಕೊಂಡು, ಮೆಟ್ಟಿಲಿನ ಹಿಮ ತಳ್ಳುತ್ತೇನೆಂದು ಹೇಳಿ ಓಣಿಗಿಳಿದರು.

ಮಧ್ಯಾಹ್ನದ ಹೊತ್ತಾದರೂ ಮಂಜು ಹಾಲಿನಂತೆ ಕವಿದಿತ್ತು. ಸ್ವಲ್ಪ ಹೊತ್ತಿಗೆ ಕರಕರ ಹೆಜ್ಜೆ ಸದ್ದು. ಕುರಿಚರ್ಮದ ಕೋಟು ತೊಟ್ಟ ದೊಡ್ಡ ಆಕೃತಿಯೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಗೋಡೆ ತಡವುತ್ತ, ಕಳ್ಳಹೆಜ್ಜೆಯಲ್ಲಿ ಅವರ ಬಾಗಿಲ ಕಡೆಗೇ ಬರುತ್ತಿತ್ತು. ಇನ್ನೇನು ಸಂಶಯ. ಯದುಲ್ಲಾಖಾನರು ಹಿಮದ ಗೋಡೆಯ ಹಿಂದಿನಿಂದ ಹಾರಿ, ಆ ಆಸಾಮಿಯ ಕತ್ತು ಎಡಗೈಯಲ್ಲಿ ಅಮುಕಿ, ಬಲಗೈಯಿಂದ ಹಣೆಯಿಂದ ಗಡ್ಡದವರೆಗೆ, ಮತ್ತೆ ಗಡ್ಡದಿಂದ ಹಣೆಯವರೆಗೆ ಧಾರಾಳವಾಗಿ ಬಳಿದರು.

“ಅಯ್ಯಯ್ಯೋ, ಕೊಲೆ,” ಎಂದು ಆಕೃತಿ ಕೂಗಿತು.

ಧ್ವನಿ ಕರಾಮತನದಾಗಿರಲಿಲ್ಲ. ಕರಾಮತನಿಗೆ ಗಡ್ಡವೂ ಇರಲಿಲ್ಲ. ಈ ಎರಡನೆಯ ವಿಷಯ ಯದುಲ್ಲಾಖಾನರಿಗೆ ಬಳಿಯುವಾಗ ಹೊಳೆಯದೆ ಬಳಿದ ಮೇಲೆ ಹೊಳೆಯಿತು. ಹಿತ್ತಿಲ ದಾರಿಯಿಂದ ಓಡಿಬಂದು ನಲ್ಲಿ ತಿರುಗಿಸಿದರೆ ಅದು ಕಲ್ಲು. ಕೊಡದೊಳಗಿನದು ಕಲ್ಲು. ನೀರಿನ ಕಚೇರಿಯ ಗುಮಾಸ್ತರ ಮನೆಯಲ್ಲಿ ಕೈ ತೊಳೆಯಲು ನೀರಿರಲಿಲ್ಲ. ಹಿಮದಲ್ಲಿ ಉಜ್ಜಿದರೆ ಕುರಿಕೊಬ್ಬು ಇನ್ನಷ್ಟು ಗಟ್ಟಿಯಾಗಿ ಹಿಡಿಯಿತು. ಅಷ್ಟರಲ್ಲಿ ಮುಂಬಾಗಿಲು ಬಡಿಯಿತು.

ಅವರು ಒಳಗೆ ನುಗ್ಗಿ ಕುರ್ಸಿಗೆ ತೂರಿಕೊಂಡರು. ಕುರ್ಸಿ ಎಂದರೆ ಕೂರುವ ಕುರ್ಚಿಯಲ್ಲ, ಕೆಳಗೆ ಅಗ್ಗಿಷ್ಟಿಕೆ ಇಟ್ಟು ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು. ಮನೆಮಂದಿಯೆಲ್ಲ ಸುತ್ತ ಕೂತು ರಜಾಯಿಯೊಳಗೆ ಕಾಲು ತೂರಿಸಿದರೆ ಚಳಿಗಾಲ ಕಳೆಯುತ್ತದೆ. ಯದುಲ್ಲಾಖಾನರು ಕಾಲಿನ ಜೊತೆ ಬಲಗೈಯನ್ನೂ ಒಳಗಿಟ್ಟರು.

ಇಸ್ಮತ್ ಬಾಗಿಲು ತೆರೆದಳು. ಹೊಸ್ತಿಲಲ್ಲಿ ಹಾಜಿ ಫತ್‌ಹುಲ್ಲಾ ನಿಂತಿದ್ದರು. ಊರಿನ ಚರ್ಮದ ಬಜಾರಿಗೆ ದೊಡ್ಡ ಹೆಸರು. ಗಡ್ಡದ ತುದಿಯಲ್ಲಿ ಬಿಳಿ ಹರಳು, ಅದರ ಮೇಲೆ ಹಣೆಯ ತನಕ ತವೆಯ ತಳ. ಮರ್ಯಾದಸ್ಥರ ಮನೆಯಲ್ಲಿ ಅತಿಥಿಯ ಮುಖ ಹೀಗಿದೆ ಎಂದು ಹೇಳುವುದುಂಟೆ? ಇಸ್ಮತಳಿಂದ ಬಾಯಿಪಾಠದ ಸ್ವಾಗತವೇ ಹೊರಗೆ ಬಂತು.

“ಬನ್ನಿ ಹಾಜಿ ಸಾಹೇಬ್ರೆ, ನಿಮ್ಮ ಮುಖದ ಬೆಳಕಿಂದ ನಮ್ಮನೆ ಬೆಳಗ್ತು.”

“ತಡ ಆಯ್ತು ತಾಯಿ,” ಎಂದರು ಹಾಜಿ. “ಹೆಂಡತಿಗೆ ಜ್ವರ. ಮಗ ಹಳ್ಳಿ ಶಾಲೇಲಿ, ಕಣಿವೆ ದಾರಿ ಮುಚ್ಚಿದೆ. ಮಾತು ಕೊಟ್ಟಿದ್ದೆ, ಒಬ್ಬನೇ ನಡ್ಕೊಂಡು ಬಂದೆ. ಹೇಳಿದ ಹೊತ್ತಿಗೆ ಬರದೆ ನಿಮ್ಮ ಮುಂದೆ ನನ್ನ ಮುಖ ಕಪ್ಪಾಯ್ತು.”

“ಛೆ ಛೆ, ಕಪ್ಪಾ? ಎಲ್ಲಿದೆ ಕಪ್ಪು? ಯಾರಂದ್ರು ಹಾಗೆ?” ಎಂದು ಇಸ್ಮತ್ ಗೋಡೆ ಹಿಡಿದುಕೊಂಡಳು.

ಹಾಜಿಯವರ ಮುಖ ಚಳಿಗೆ ಮರಗಟ್ಟಿದ್ದರಿಂದ ಅದರ ಮೇಲೆ ಏನಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕುರ್ಸಿಯ ಬಳಿ ಬಂದು ಕೈ ಚಾಚಿದರು. ಯದುಲ್ಲಾಖಾನರು ಎಡಗೈ ಕೊಟ್ಟರು. ಹಾಜಿ ಆ ಎಡಗೈಯನ್ನು ಸತ್ತ ಮೀನಿನಂತೆ ನೋಡಿದರು.

“ಬಲಗೈಗೆ ಏನಾಗಿದೆ?”

“ಅದು ಚಳಿಗೆ ಸೆಟೆದುಕೊಂಡಿದೆ. ಈಗ ಮಲಗಿದೆ.”

ಹಾಜಿ ಮಿಠಾಯಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೀಡಿದರು. “ನಿಮ್ಮ ಕೈಯಾರೆ ತಗೋಬೇಕು ಖಾನ್ ಸಾಹೇಬ್ರೆ. ಹೆಣ್ಣಿನ ತಂದೆ ತಗೊಂಡ್ರೇ ಶೋಭೆ.”

ಯದುಲ್ಲಾಖಾನರು ತಮ್ಮ ಆಣೆಯನ್ನು ನೆನೆದರು. ತಮ್ಮ ಕೈಯನ್ನೂ ನೆನೆದರು. “ಅಲ್ಲೇ, ಮೇಜಿನ ಮೇಲಿಡಿ,” ಎಂದರು ಕ್ಷೀಣವಾಗಿ.

ಇಸ್ಮತ್ ಓಡಿಬಂದು ತಾನೇ ಪೆಟ್ಟಿಗೆ ಇಸಿದುಕೊಂಡು ಕುರ್ಸಿಯ ಮೇಲಿಟ್ಟಳು. ಹಾಜಿಯವರ ಮುಖ ಸಪ್ಪಗಾಯಿತೋ ಏನೋ, ಆ ಸ್ಥಿತಿಯಲ್ಲಿ ಅದನ್ನು ಕಂಡುಹಿಡಿಯುವುದು ಸಾಧ್ಯವಿರಲಿಲ್ಲ.

ತೂರಾನ್ ಚಹಾ ತಂದಳು. ಅತಿಥಿಯನ್ನು ನೋಡಿದಳು. ಆಮೇಲೆ ಎಡಗೈಯಲ್ಲಿ ಲೋಟ ಎತ್ತುತ್ತಿದ್ದ ತಂದೆಯನ್ನು ನೋಡಿದಳು, ರಜಾಯಿಯ ಅಂಚಿನಲ್ಲಿದ್ದ ಐದು ಕಪ್ಪು ಬೆರಳ ಗುರುತನ್ನೂ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಒಳಗೆ ಹೋಗಿ ಬಂದು, ತಂದೆಯ ಪಕ್ಕದಲ್ಲೇ ಕೂತಳು. ರಜಾಯಿಯೊಳಗೆ ಯದುಲ್ಲಾಖಾನರ ಬಲಗೈಗೆ ಚಹಾಕ್ಕೆಂದು ಕಾಯಿಸಿದ ಹಿಮದ ನೀರಿಗೆ ಬೂದಿ ಕಲಸಿ ಅದ್ದಿದ ಬಟ್ಟೆ ತಾಗಿತು. ಚರ್ಮ ಸುಲಿಯುವ ಹಾಗೆ ಅವಳು ಉಜ್ಜತೊಡಗಿದಳು. ಉಜ್ಜುವ ರೀತಿಯಲ್ಲೇ ಅವಳ ಸಿಟ್ಟು ಅವರಿಗೆ ತಿಳಿಯಿತು. ಕಣ್ಣಲ್ಲಿ ನೀರು ಬಂತು.

“ಯಾಕೆ ಅಳ್ತಿದೀರಿ?” ಎಂದರು ಹಾಜಿ.

“ನೀವು ಬಂದ ಸಂತೋಷಕ್ಕೆ.”

“ಸಂತೋಷ ನಿಮಗೆ. ನಿಮ್ಮ ಓಣೀಲಿ ನನ್ನ ಮೇಲೆ ಹುಚ್ಚನೊಬ್ಬ ಬಿದ್ದ. ಕತ್ತು ಹಿಸುಕಿ, ಮುಖ ಎಲ್ಲ ಸವರಿ ಓಡಿಹೋದ. ಯಾವ ಸೀಮೆ ಹುಚ್ಚು ಇದು?”

“ನಮ್ಮ ಓಣೀಲಿ ಹುಚ್ಚರು ಬಹಳ,” ಎಂದರು ಯದುಲ್ಲಾಖಾನರು. ಆ ದಿನ ಅಲ್ಲಿಯವರೆಗೆ ಅವರು ಹೇಳಿದ ನಿಜ ಇದೊಂದೇ.

ಓಣಿಯಲ್ಲಿ ಯಾರೋ ಕೊಲೆ ಎಂದು ಕೂಗಿದ್ದು ಕೇಳಿ ದಫೇದಾರ್ ಇಸ್ಫಂದಿಯಾರ್ ಮತ್ತು ಕರಾಮತ್ ಇಬ್ಬರೂ ಆಗಲೇ ಬಾಗಿಲಿಗೆ ಬಂದರು. ಕರಾಮತ್ ಕಂಕುಳಲ್ಲಿದ್ದದ್ದನ್ನು ಇಸ್ಮತಳಿಗೆ ಕೊಟ್ಟ. “ಅತ್ತಿಗೆ, ಬೀಗರು ಬರ್ತಾರೆ ಅಂದ್ರಲ್ಲ, ಎಳ್ಳು ಹಾಕಿದ ರೊಟ್ಟಿ. ಬೆಳಿಗ್ಗೆ ಕಂಕುಳಲ್ಲಿ ಚೀಲ ಇಟ್ಕೊಂಡು ಗಿರಣಿಗೆ ಹೋಗಿ ಒಳ್ಳೇ ಹಿಟ್ಟು ಹುಡುಕ್ಕೊಂಡು ಬಂದೆ.” ಅದರಲ್ಲಿ ಹಿಮದ ಒಂದು ಕಣವೂ ಇರಲಿಲ್ಲ. ಯದುಲ್ಲಾಖಾನರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿಯೂ ಹೆಪ್ಪುಗಟ್ಟಿತ್ತು.

ದಫೇದಾರರು ಅತಿಥಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಅವರಿಗೆ ದಾಕ್ಷಿಣ್ಯ ಎಂಬುದು ನೌಕರಿಯಲ್ಲೇ ಸತ್ತಿತ್ತು.

“ಹಾಜಿ ಸಾಹೇಬ್ರೆ, ಕನ್ನಡಿ ನೋಡ್ಕೊಂಡ್ರಾ?”

ಇಸ್ಮತ್ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಂತೆ ಕರಾಮತ್ ಗೋಡೆಯ ಕನ್ನಡಿ ಕಿತ್ತು ಮುಂದೆ ಹಿಡಿದ. ಹಾಜಿ ಬಹಳ ಹೊತ್ತು ನೋಡಿದರು.

“ಇವರು ಯಾರು?” ಎಂದು ಕೇಳಿದರು.

ಹಾಜಿ ಮೂಗು ಮುಟ್ಟಿಕೊಂಡರು, ಕನ್ನಡಿಯವರೂ ಮುಟ್ಟಿಕೊಂಡರು. ಬೆರಳು ನೋಡಿಕೊಂಡರು. ಚರ್ಮದ ಬಜಾರಿನಲ್ಲಿ ಎಲ್ಲರೂ ಎದ್ದುನಿಂತು ಸಲಾಮು ಮಾಡುವ ಮನುಷ್ಯ, ಅಷ್ಟು ಹೊತ್ತು ಆ ಮುಖ ಹೊತ್ತು ಚಹಾ ಕುಡಿದಿದ್ದರು.

“ಗಾಬರಿ ಬೇಡಿ,” ಎಂದರು ದಫೇದಾರರು ತೋಳು ಮಡಚುತ್ತ. “ಇದು ಕೊಬ್ಬು ಕಲಸಿದ ಮಸಿ. ಬಳಿದೋನ ಕೈಯಿಂದ ಇಷ್ಟು ಬೇಗ ಹೋಗಲ್ಲ. ಎಲ್ಲರೂ ಕೈ ಮೇಜಿನ ಮೇಲಿಡಿ.”

ಕೈಗಳು ಬಂದವು. ಕರಾಮತನ ಕೈ ಭಟ್ಟಿಯ ಮಸಿ. ಇಸ್ಮತಳದು ಇದ್ದಿಲುಂಡೆಯ ಮಸಿ. ತೂರಾನಳದು ಹೇಳುವುದೇ ಬೇಡ. ಹಾಜಿಯವರದು ಸ್ವಂತ ಮುಖದ್ದು. ದಫೇದಾರರು ಗತ್ತಿನಿಂದ ತಮ್ಮ ಕೈಯನ್ನೂ ಇಟ್ಟರು. ಬೆಳಿಗ್ಗೆ ಒಲೆಯ ಕೊಳವೆ ಬಿಚ್ಚಿದ್ದರಿಂದ ಅದೇ ಎಲ್ಲಕ್ಕಿಂತ ಕಪ್ಪು. ಅವರು ತಮ್ಮ ಕೈಯನ್ನೇ ಸಂಶಯದಿಂದ ನೋಡಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಯದುಲ್ಲಾಖಾನರು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ರಜಾಯಿಯೊಳಗಿನಿಂದ ಬಲಗೈಯನ್ನು ಬಾವುಟದಂತೆ ಎತ್ತಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದರು. “ನೋಡ್ಕೊಳ್ಳಿ. ಚೊಕ್ಕ.”

ಚೊಕ್ಕವಾಗಿಯೇ ಇತ್ತು. ಕೆಂಪಗೆ, ಬಿಸಿಯಾಗಿ, ಹೊಸದಾಗಿ ಹುಟ್ಟಿದ ಕೈಯಂತೆ ಹೊಳೆಯುತ್ತಿತ್ತು. ತೂರಾನ್ ಕಣ್ಣು ಮುಚ್ಚಿಕೊಂಡಳು.

“ಊರಲ್ಲಿ ನೀರೇ ಇಲ್ಲ,” ಎಂದರು ದಫೇದಾರರು ನಿಧಾನವಾಗಿ. “ಈ ವಾರ ಹಮದಾನಲ್ಲಿ ಚೊಕ್ಕ ಕೈ ಇರೋ ಮನುಷ್ಯನ್ನ ನಾನು ನೋಡಿಲ್ಲ. ಮಸೀದಿ ಮುಲ್ಲಾ ಅವರದೂ ಕಪ್ಪೇ.”

“ಸೆಟೆದು ಮಲಗಿದೆ ಅಂದ್ರಲ್ಲ ಈ ಕೈ,” ಎಂದರು ಹಾಜಿ. “ಮಲಗಿದ್ದಲ್ಲೇ ಸ್ನಾನ ಮಾಡ್ತಾ?”

ಯದುಲ್ಲಾಖಾನರು ಕೈಯನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಹಾಗೇ ಹಿಡಿದಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಎಲ್ಲ ಹೇಳಿದರು. “ಕರಾಮತ್ ಅಂದ್ಕೊಂಡು ಬಳಿದೆ ಹಾಜಿ ಸಾಹೇಬ್ರೆ. ಹಿಮ ತಂದಿದಾನೆ ಅಂದ್ಕೊಂಡೆ. ನಾನು ನಿಮ್ಮ ಪಾದದ ಧೂಳು. ಬೇಕಾದ್ರೆ ಮಿಕ್ಕ ಮಸಿ ಹಂಡೇಲಿದೆ, ನಂಗೂ ಬಳೀರಿ. ನನ್ನ ಮಗಳನ್ನ ಮಾತ್ರ ಇದಕ್ಕೆ ಸೇರಿಸ್ಬೇಡಿ.”

ಹಾಜಿ ಎದ್ದು ನಿಂತರು. ಕೋಟಿನ ಗುಂಡಿ ಹಾಕತೊಡಗಿದರು. ಇಸ್ಮತ್ ಸೆರಗು ಬಾಯಿಗೆ ಒತ್ತಿಕೊಂಡಳು. ತೂರಾನ್ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು, ಒಂದೇ ಲೋಟವನ್ನು ಎತ್ತಿ ಇಟ್ಟು ಎತ್ತಿ ಇಟ್ಟು ಮಾಡುತ್ತಿದ್ದಳು. ಮಗಳ ಬಾಳು ಆ ಗುಂಡಿಗಳ ಜೊತೆ ಒಂದೊಂದಾಗಿ ಮುಚ್ಚಿಕೊಳ್ಳುವುದನ್ನು ತಂದೆ ನೋಡುತ್ತ ಕೂತರು.

ಆಗ ಕರಾಮತ್ ಹೇಳಿದ, “ದಫೇದಾರ್ ಸಾಹೇಬ್ರೆ, ನಾನು ಹುಟ್ಟಿದ್ದೇ ಭಟ್ಟಿ ಮುಂದೆ. ಎಲ್ಲ ಥರ ಮಿಠಾಯಿ ನೋಡಿದೀನಿ. ಬೆವರೋ ಮಿಠಾಯಿ ನೋಡಿಲ್ಲ.”

ಎಲ್ಲರೂ ನೋಡಿದರು. ಕುರ್ಸಿಯ ಮೇಲಿದ್ದ ಪೆಟ್ಟಿಗೆಯ ಮೂಲೆಯಿಂದ ನೀರು ಇಳಿದು, ರಜಾಯಿಯ ಹೂಗಳನ್ನು ದಾಟಿ, ತೊಟ್ಟು ತೊಟ್ಟಾಗಿ ನೆಲಕ್ಕೆ ಬೀಳುತ್ತಿತ್ತು. ಗುಂಡಿಯ ಮೇಲಿದ್ದ ಹಾಜಿಯವರ ಬೆರಳು ನಿಂತವು. ದಫೇದಾರರು ಮುಚ್ಚಳ ತೆಗೆದರು. ಒಳಗೆ ಮಿಠಾಯಿ ಇರಲಿಲ್ಲ. ಅರ್ಧ ಕರಗಿದ ಹಿಮವಿತ್ತು.

ಇಷ್ಟು ಹೊತ್ತು ದಂಗಾಗಿದ್ದವರು ಈಗ ಇನ್ನೊಂದು ಸಲ ದಂಗಾದರು. ಹಾಜಿ ಮೆಲ್ಲನೆ ಮತ್ತೆ ಕೂತರು.

“ಚರ್ಮದ ಬಜಾರಲ್ಲಿ ನನ್ನ ಕೈಯಿಂದ ಹಿಮ ತಗೊಳ್ದೆ ಇರೋರು ಯಾರೂ ಉಳಿದಿಲ್ಲ,” ಎಂದರು ಮೇಜು ನೋಡುತ್ತ. “ನಿಮ್ಮ ಹೆಸರು ಕೇಳಿದ್ದೆ ಯದುಲ್ಲಾಖಾನ್. ನಿದ್ದೆ ಬರ್ತಿರಲಿಲ್ಲ. ಹೆಣ್ಣು ಕೇಳೋಕೆ ಹೋದಾಗ ಆಡಬೇಡಿ ಅಂತ ಹೆಂಡತಿ ಆಣೆ ಹಾಕಿಸ್ಕೊಂಡ್ಲು. ಜ್ವರ ಬಂದು ಮಲಗಿದ್ಲಲ್ಲ, ಮನೆ ಬಾಗಿಲು ದಾಟ್ತಿದ್ದ ಹಾಗೆ ಪೆಟ್ಟಿಗೆ ಖಾಲಿ ಮಾಡಿ ತುಂಬಿಸ್ಕೊಂಡೆ. ಮಿಠಾಯಿ ಕೋಟಿನ ಜೇಬಲ್ಲಿದೆ.”

ಯದುಲ್ಲಾಖಾನರು ಅವರನ್ನು ಹೊಸ ಕಣ್ಣಿನಿಂದ ನೋಡಿದರು. ಜೀವನದಲ್ಲಿ ಮೊದಲ ಸಲ ತಮ್ಮಂಥ ಮನುಷ್ಯನೊಬ್ಬ ಸಿಕ್ಕಿದ್ದ.

“ಹಾಗಾದ್ರೆ ನಾನು ಬಳಿದದ್ದು ನ್ಯಾಯ,” ಎಂದರು.

“ನ್ಯಾಯ. ಸಿಕ್ಕಿಬಿದ್ದೆ. ಔತಣ ನಂದು. ಮದುವೆ ಊಟವೇ ಆಗ್ಲಿ.”

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಎದುರಿನವನು ಔದಾರ್ಯ ತೋರಿದರೆ ಅದಕ್ಕಿಂತ ದೊಡ್ಡದು ತೋರಿಸದೆ ಆ ಊರಿನವರಿಗೆ ಊಟ ಸೇರುವುದಿಲ್ಲ.

“ಎಲ್ಲಾದ್ರೂ ಉಂಟೆ,” ಎಂದರು ಯದುಲ್ಲಾಖಾನರು. “ಹಿಡಿದೋನು ನಾನೇ ಓಡಿಹೋದೆ. ಬಿಟ್ಟು ಓಡಿದ್ರೆ ಹಿಡಿದ ಹಾಗಲ್ಲ. ಮೇಲಾಗಿ ಪೆಟ್ಟಿಗೆ ನನ್ನ ಹೆಂಡತಿ ಇಸ್ಕೊಂಡ್ಲು. ಔತಣ ನಂದು.”

“ಅವರು ತಗೊಂಡಿದ್ದು ನನ್ನ ಮುಖ ಕಪ್ಪಾದ ಮೇಲೆ. ನಂದು.”

“ನನ್ನ ಹೆಣದ ಮೇಲೆ ಹಾಕಿಸ್ತೀರಾ ಔತಣ?”

“ಗಂಡಿನ ಕಡೆ ಔತಣ ಬೇಡ ಅಂದ್ರೆ ಗಂಡೂ ಬೇಡ ಅಂದ ಹಾಗೆ.”

“ಬೇಡ ಅಂದ್ರೆ ಬೇಡ.”

ಹಾಜಿ ಮತ್ತೆ ಗುಂಡಿಗೆ ಕೈ ಹಾಕಿದರು. ದಫೇದಾರರು ಗಡ್ಡ ಕೆರೆದುಕೊಂಡರು. ಇಂಥ ಮೊಕದ್ದಮೆಗೆ ಅವರ ಬಳಿ ತೀರ್ಪಿರಲಿಲ್ಲ. ಇಸ್ಮತ್ ಗಂಡನನ್ನು ನೋಡಿದ ನೋಟದಲ್ಲಿ ಮೂರನೆಯ ಸಂಬಂಧದ ಉತ್ತರಕ್ರಿಯೆ ಕಾಣುತ್ತಿತ್ತು.

ತೂರಾನ್ ಒಳಗಿನಿಂದ ತಟ್ಟೆ ಹಿಡಿದು ಬಂದಳು. ತಟ್ಟೆಯ ಮೇಲೆ ಬಟ್ಟಲುಗಳು, ಬಟ್ಟಲುಗಳಲ್ಲಿ ಕಪ್ಪಗೆ ಹೊಳೆಯುವ ದ್ರಾಕ್ಷಿ ಪಾಕ. “ಮೊದಲು ಬಾಯಿ ಸಿಹಿ ಮಾಡ್ಕೊಳ್ಳಿ. ಆಮೇಲೆ ಜಗಳ ಆಡಿ,” ಎಂದಳು. “ಬಾಬಾ, ನೀವೇ ಮೊದಲು. ಬಲಗೈಲಿ ತಗೊಳ್ಳಿ, ಅತಿಥಿಗಳು ನೋಡ್ಲಿ.”

ಬಲಗೈ ಚೊಕ್ಕವಾಗಿತ್ತು. ಅಡಗಿಸುವುದಕ್ಕೆ ಇನ್ನೇನೂ ಇರಲಿಲ್ಲ. ಯದುಲ್ಲಾಖಾನರು ಮಗಳ ಕೈಯಿಂದ ಬಟ್ಟಲು ತೆಗೆದುಕೊಂಡು ಒಂದು ದೊಡ್ಡ ಚಮಚ ಬಾಯಿಗಿಟ್ಟರು. ಕಟ್ಟಿಸಿಕೊಂಡ ಹಲ್ಲುಗಳ ಕೆಳಗೆ ಒಸಡು ಜುಮ್ಮೆಂದಿತು. ಪಾಕದ ಕೆಳಗೆ ಇದ್ದದ್ದು, ಹಿತ್ತಿಲಿನಿಂದ ಆಗಷ್ಟೇ ತುಂಬಿ ತಂದ ಹಿಮ.

“ಹಿಮ ನಮ್ಮದು ಬಾಬಾ,” ಎಂದಳು ತೂರಾನ್. “ಔತಣ ನಿಮ್ಮದು. ಮದುವೆ ಊಟ ನಮ್ಮನೇಲೇ.”

ಮೊದಲು ಕರಾಮತ್ ನಕ್ಕ. ಆಮೇಲೆ ಹಾಜಿ ಫತ್‌ಹುಲ್ಲಾ ಕರಿಮುಖದಲ್ಲಿ ಬಿಳಿಹಲ್ಲು ಬಿಟ್ಟು ಕುರ್ಸಿ ಬಡಿದು ಬಡಿದು ನಕ್ಕರು. “ಇವಳು ನಮ್ಮನೆಗೇ ಬರ್ಬೇಕು,” ಎಂದರು ಕೋಟು ಬಿಚ್ಚುತ್ತ. “ಬರ್ದಿದ್ರೆ ಬಜಾರಲ್ಲಿ ಎದುರಿಗೆ ನಿಲ್ತಾಳೆ.”

ಯದುಲ್ಲಾಖಾನರು ಬಟ್ಟಲನ್ನು ನೋಡಿದರು, ಬಟ್ಟಲು ಹಿಡಿದ ಕೈಯನ್ನು ನೋಡಿದರು.

“ಈ ಕೈ ತೊಳೆದೋಳು ನೀನೇ ಅಲ್ಲವೇನೆ,” ಎಂದರು.

“ಹೌದು ಬಾಬಾ.”

ಅವರು ಕೊನೆಯ ಆಸೆಯಿಂದ ದಫೇದಾರರ ಕಡೆ ತಿರುಗಿದರು. “ಸಾಹೇಬ್ರೆ, ನಾವು ಒಳಗೆ ಕೂತು ಇಷ್ಟು ಹೊತ್ತಾಯ್ತು. ಹೊರಗೆ ಒಂದು ಗಳಿಗೆಯಾದ್ರೂ ನಿಂತಿರಬೇಕು. ನಿಂತಿದ್ರೆ ಇದು ಮೊದಲ ಹಿಮ ಅಲ್ಲ, ಅಲ್ಲವಾ?”

ದಫೇದಾರರು ಕಿಟಕಿಯ ಗಾಜಿನ ಮೇಲಿನ ಮಂಜನ್ನು ತೋಳಿನಿಂದ ಒರೆಸಿ, ಕೈ ಮರೆ ಮಾಡಿ, ಬಹಳ ಹೊತ್ತು ಹೊರಗೆ ನೋಡಿದರು.

“ಬೀಳ್ತಾನೇ ಇದೆ,” ಎಂದರು.